ಬೋಟಿ ತೊಳೆಯುವ ನಲ್ಲಿಯ ಮುಂದೆ

ಹಾಸನದ ಪೆನ್ಷನ್ ಮೊಹಲ್ಲಾ, ಭಾನುವಾರ.
ಆರೂವರೆಗೇ ನಲ್ಲಿಯ ಮುಂದೆ ಕೂತಿರುತ್ತಾಳೆ ಖೈರುನ್ನೀಸಾ.
ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ
ನಾಲ್ಕು ಕುರಿಯ ಕರುಳು, ಬಿಸಿನೀರು, ಹಿಡಿ ಸುಣ್ಣ.
ಕಡ್ಡಿಗೆ ಸಿಕ್ಕಿಸಿ ಒಳಗನ್ನು ಹೊರಗೆ ಮಗುಚುತ್ತಾಳೆ,
ಒಗೆದ ರವಿಕೆಯ ತೋಳು ಮಗುಚಿದ ಹಾಗೆ.
"ಎಷ್ಟು ಉಜ್ಜಿದ್ರೂ ಜಾರ್ತದೆ ನೋಡಿ ಮೇಡಮ್,
ಈ ಲೋಳೆ ಕೈ ಬಿಡಲ್ಲ."

ಅರ್ಧ ಕೇಜಿಗೆ ಡಬ್ಬಿ ಹಿಡಿದು ನಿಂತವಳು ನಾನು.
ವಾರದ ಉಳಿದ ಆರು ದಿನ
ದೊಡ್ಡಾಸ್ಪತ್ರೆಯ ಪೆಥಾಲಜಿಯಲ್ಲಿ
ಇದೇ ಲೋಳೆಗೆ ನೀಲಿ ಬಣ್ಣ ಹಾಕುವುದಕ್ಕೆ ಸಂಬಳ.

ಹೇಳಿದರೆ ನಂಬುತ್ತಾಳೋ ಇಲ್ಲವೋ,
ಅವಳು ಉಜ್ಜಿ ಮೋರಿಗೆ ಬಿಡುತ್ತಿರುವುದು
ಪ್ರೋಟೀನು. ಮ್ಯೂಸಿನ್ ಎಂದು ಹೆಸರು.
ಐದು ಸಾವಿರದಷ್ಟು ಅಮೈನೋ ಆಮ್ಲಗಳ ಒಂದೇ ಎಳೆ;
ನಡುವೆ ಥ್ರಿಯೊನೀನ್, ಸೆರೀನ್, ಪ್ರೋಲೀನ್,
ಮತ್ತೆ ಥ್ರಿಯೊನೀನ್, ಮತ್ತೆ ಥ್ರಿಯೊನೀನ್,
ಮಗ್ಗಿ ಮರೆತ ಹುಡುಗ
ಗೊತ್ತಿದ್ದ ಸಾಲನ್ನೇ ಒಪ್ಪಿಸುತ್ತಾ ಹೋದಂತೆ.
ಅದರ ಮೈಗೆ ಸಕ್ಕರೆ ಕಚ್ಚುತ್ತದೆ,
ದಂಟು ಕಾಣದಷ್ಟು ಒತ್ತಾಗಿ:
ನವಣೆ ತೆನೆ.
ತೂಗಿದರೆ ಹತ್ತರಲ್ಲಿ ಎಂಟು ಪಾಲು ಸಕ್ಕರೆಯೇ,
ಪ್ರೋಟೀನೆನ್ನುವುದು ಹೆಸರಿಗೆ.
ಎರಡೂ ತುದಿಗೆ ಸಿಸ್ಟೀನ್, ಗಂಧಕದ ಕೊಕ್ಕೆ.
ತೆನೆ ತೆನೆಯನ್ನು ಹಿಡಿದು ಬಲೆಯಾಗುವುದು ಅಲ್ಲಿಂದ.

ಕೋಶದೊಳಗೆ ಇಡೀ ಬಲೆ ಮಡಚಿ ಕೂತಿರುತ್ತದೆ.
ಮಡಿಕೆ ಬಿಚ್ಚದಂತೆ ಅದುಮಿ ಹಿಡಿದದ್ದು ಕ್ಯಾಲ್ಸಿಯಂ,
ಖೈರುನ್ನೀಸಾಳ ಸುಣ್ಣದ ದಾಯಾದಿ.
ಹೊರಬಿದ್ದ ಗಳಿಗೆ, ಸೋಡಾದ ಗುಣದ ನೀರು ಬಂದು
ಆ ಸುಣ್ಣವನ್ನು ಕಿತ್ತುಕೊಂಡಿತೋ,
ಒಂದಕ್ಕೆ ಸಾವಿರ ಪಾಲು ಉಬ್ಬುತ್ತದೆ,
ಬಸ್ ಸ್ಟ್ಯಾಂಡಿನ ಶರಬತ್ತಿನಂಗಡಿಯಲ್ಲಿ
ಕಾಮಕಸ್ತೂರಿ ಬೀಜ ಲೋಟದೊಳಗೆ ಕಣ್ಣು ಬಿಟ್ಟ ಹಾಗೆ.

ಒಳಪದರ ಬಿಗಿ, ಅಲ್ಲಿಗೆ ಜೀವಾಣು ಕಾಲಿಡುವಂತಿಲ್ಲ.
ಹೊರಪದರ ಸಡಿಲ. ಅಲ್ಲಿ ಕೋಟಿಗಟ್ಟಲೆ.
ಸಿಂಬಳಕ್ಕೆ ಸಿಕ್ಕ ನೊಣಗಳೆಂದುಕೊಂಡಿದ್ದೆ ಓದುವಾಗ.
ಅಲ್ಲ, ಬಾಡಿಗೆದಾರರು.
ತೆನೆಯ ಕಾಳು ಮೇದು
ಬಾಡಿಗೆಗೆಂದು ಒಂದಿಷ್ಟು ಹುಳಿ ಬಿಟ್ಟು ಹೋಗುತ್ತಾರೆ;
ಕರುಳು ಅದನ್ನುಂಡು ಮತ್ತೆ ನೇಯುತ್ತದೆ,
ಗಂಟೆ ಗಂಟೆಗೂ ಹೊಸದು.
ನನ್ನ ಸೊಳ್ಳೆಪರದೆಗೆ ಹನ್ನೆರಡು ವರ್ಷ,
ಹೊಲಿಗೆಯೇ ಬಟ್ಟೆಗಿಂತ ಹೆಚ್ಚು.

ಮೊನ್ನೆ ಬುಧವಾರ, ಸ್ಲೈಡು ೨೩೧೭.
ಹೆಸರು ನಮಗೆ ಬರುವುದಿಲ್ಲ, ವಯಸ್ಸು ಮಾತ್ರ: ಹತ್ತೊಂಬತ್ತು.
ಅಸಿಟಿಕ್ ಆಮ್ಲ ಮೂರು ನಿಮಿಷ, ನೀಲಿ ಅರ್ಧ ಗಂಟೆ,
ತೊಳೆದು, ಕೆಂಪು ಐದು ನಿಮಿಷ.
ನೀಲಿ ಇರಬೇಕಾದಲ್ಲಿ ನೀಲಿ ಇರಲಿಲ್ಲ.
ಬಣ್ಣ ಹಳತಾಯಿತೇನೋ ಎಂದು
ಹೊಸ ಬಾಟಲಿ ಒಡೆದು ಇನ್ನೊಂದು ಚೂರಿಗೆ ಹಾಕಿದೆ.
ಪಕ್ಕದ ಕಂಟ್ರೋಲ್ ಸ್ಲೈಡು
ನೀಲಿ ಅದ್ದಿದ ಸಮವಸ್ತ್ರದಂತಿತ್ತು;
ಇದರಲ್ಲಿ ಅಲ್ಲೊಂದು, ಇಲ್ಲೊಂದು ಚುಕ್ಕೆ.
ಡಾಕ್ಟರ್ ಶಾರದಮಣಿ ಇಣುಕಿ "ಬರೀ ಗೋಡೆ" ಎಂದರು,
ಚಹಾ ಆರಿತೆಂದು ಬೈದುಕೊಂಡು ಎದ್ದರು.
ನಾನು ಮತ್ತೆ ನೋಡಿದೆ.
ಹತ್ತೊಂಬತ್ತು.

"ಇದು ಕೊಳೆಯಲ್ಲ," ಎಂದೆ ಈವತ್ತು, ಯಾಕೋ ತಡೆಯದೆ,
"ಕಾವಲು."
ಖೈರುನ್ನೀಸಾ ತಲೆಯೆತ್ತಲಿಲ್ಲ.
"ಅದು ಇದ್ದಿದ್ದಕ್ಕೇ ಕುರಿ ಬದುಕಿತ್ತು.
ಅದು ಹೋದ್ರೇನೇ ನಮಗೆ ಊಟ. ಡಬ್ಬಿ ಹಿಡೀರಿ."
ಆಮೇಲೆ, ಕಾಸು ಸೆರಗಿಗೆ ಕಟ್ಟುತ್ತಾ,
"ನಿಮ್ಮಲ್ಲಿ ಇದಕ್ಕೇನಾದ್ರೂ ಮುಲಾಮು ಸಿಕ್ತದಾ?"
ಹತ್ತೂ ಬೆರಳು ಚಾಚಿದಳು.
ಸುಣ್ಣ ತಿಂದು ತಿಂದು ಗೆರೆಗಳೇ ಇಲ್ಲ.
ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿಂದ
ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲವಂತೆ,
ಇವಳು ಇವಳಲ್ಲ ಎನ್ನುತ್ತದಂತೆ.

ತಿರುಗುವಾಗ ನಲ್ಲಿಯ ಚಪ್ಪಡಿಯ ಮೇಲೆ
ನನ್ನ ಚಪ್ಪಲಿ ಜಾರಿತು.
ಥಟ್ಟನೆ ಮುಂಗೈ ಹಿಡಿದಳು.
ಒರಟು ಕೈ,
ಜಾರಲಿಲ್ಲ.