ಏರಿದ ಆಯಿಲು

ಗಬ್ಬೂರ ಬೈಪಾಸಿನ್ಯಾಗ ಬಾನೆಟ್ ತಗದು
ಡಿಪ್‌ಸ್ಟಿಕ್ ಮೂಸಿದ ದಾವಲಸಾಬ.
"ಆಯಿಲ್ ಏರಾಕ ಹತ್ತಿ ಎಷ್ಟ ದಿನಾತು?"
ತಿಂಗಳಾತು. ನಾ ಖುಷಿಯಾಗಿದ್ದೆ,
ಮುದಿ ಲಾರಿ ಆಯಿಲ್ ಕುಡಿಯೂದು ಬಿಟ್ಟೈತಿ ಅಂತ.

ಎರಡ ಬೋಲ್ಟು. ಪಂಪು ಕೈಗೆ ಬಂತು.
ಒಳಗಿನ ರಬ್ಬರ್ ಪರದೆ
ಉಗುರಿನಷ್ಟು ಹರದಿತ್ತು.
ಅಲ್ಲಿಂದನ ಡೀಸೆಲ್ ಹನಿಹನಿ
ಚೇಂಬರಿಗೆ ಇಳದಿತ್ತು. ಕಡಿಮಿ ಆಗಿದ್ರ ಬೈತಿದ್ದೆ;
ಹೆಚ್ಚಾದದ್ದಕ್ಕ ಯಾರು ಬೈತಾರ?

ಹೊಸ ಪಂಪು, ಹೊಸ ಪ್ಯಾಕಿಂಗು, ತಾಮ್ರದ ವಾಷರು.
ಅವನ ಮಗಳು ಜೈತುನ ಬಗ್ಗಿ ಲಿವರ್ ಒತ್ತಿದ್ಲು.
ಫಿಲ್ಟರ್ ಸ್ಕ್ರೂ ಬಾಯಿಂದ ನೊರಿ, ನೊರಿ,
"ಇನ್ನೂ ಗಾಳಿ ಐತಿ", ನೊರಿ,
ಆಮ್ಯಾಲೆ ಎಳಿ ಕಡಿಯದ ಧಾರಿ.

"ಆಯಿಲ್ ಪೂರಾ ಚೆಲ್ಲಬೇಕು" ಅಂದ.
ಬಕೆಟ್ಟಿನ್ಯಾಗ ಬಿತ್ತು, ನೀರಿನಂಗ ತೆಳ್ಳಗ,
ನನ್ನ ಒಂದು ತಿಂಗಳ ಖುಷಿ.