ಕಂಟಿನ್ಯುಯಿಟಿ

ಹನ್ನೊಂದು ವರ್ಷ ನನ್ನ ಕಂಕುಳಲ್ಲಿ ಒಂದು ದಪ್ಪ ನೋಟ್‌ಬುಕ್:
ಸೀನ್ ನಲವತ್ತೆರಡರಲ್ಲಿ ಅತ್ತೆಯ ಕೈಗೆ ಬಳೆ ಎಷ್ಟು,
ಸೊಸೆಯ ಸೀರೆ ಯಾವುದು,
ಅರ್ಧ ಕುಡಿದ ಚಹಾ ಲೋಟದ ಯಾವ ಗೆರೆಯವರೆಗೆ.
ಬಿಜೈಯ ಬಾಡಿಗೆ ಬಂಗಲೆಯಲ್ಲಿ
ಕಿಟಕಿಗೆ ಕಪ್ಪು ಬಟ್ಟೆ ಹೊಡೆದು
ಮಧ್ಯಾಹ್ನ ಎರಡಕ್ಕೆ ರಾತ್ರಿ ಮಾಡುತ್ತಿದ್ದೆವು.
ನಗು ಪೆನ್‌ಡ್ರೈವಿನಲ್ಲಿತ್ತು:
ಸಣ್ಣ ನಗು, ದೊಡ್ಡ ನಗು, ಹೆಂಗಸರ ನಗು ಬೇರೆ.

ಮುನ್ನೂರ ಹತ್ತನೇ ಕಂತಿಗೆ ಚಾನೆಲ್ಲಿನವರು ಫೋನು ಮಾಡಿ
ಸಾಕು ಅಂದರು.
ಸೊಸೆ ಆಗಷ್ಟೇ ಬಸ್ಸು ಹತ್ತಿದ್ದಳು.
ಇಳಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ಈಗ ಕ್ಷಯದ ಬಗ್ಗೆ ಏಳು ನಿಮಿಷ.
ಸಂಬಳ ಅರ್ಧ. ಲೈಟು ಒಂದೇ, ಅದೂ ಸೂರ್ಯ.
ಮೇಕಪ್ಪಿನ ಲ್ಯಾನ್ಸಿ ಕೇಳಿದ,
"ಕೆಮ್ಮಿಗೆ ಎಂತ ಡೈರೆಕ್ಷನ್ ಮಾರಾಯ್ತಿ?"

ಕುಳಾಯಿಯ ಗುಡ್ಡೆಯಲ್ಲಿ ವಾರಿಜಕ್ಕ.
ತೊಡೆಯ ಮೇಲೆ ತಡ್ಪೆ, ಎಲೆ, ಹೊಗೆಸೊಪ್ಪಿನ ಪುಡಿ.
ಮುಖ ಬೇಡ ಅಂದರು,
ಮಗಳಿಗೆ ಕುಂದಾಪುರದ ಕಡೆಯಿಂದ ಸಂಬಂಧ ಬಂದಿದೆ.
ಹಾಗಾಗಿ ಕೈ ಮಾತ್ರ.
ಬೆರಳು ಎಲೆ ಮಡಚುವ ವೇಗಕ್ಕೆ
ನನ್ನ ಫೋಕಸ್ ಸೋಲುತ್ತದೆ.
ಒಮ್ಮೆ ಅಭ್ಯಾಸಬಲದಿಂದ ಹೇಳಿಬಿಟ್ಟೆ:
ಅಕ್ಕ, ಇನ್ನೊಮ್ಮೆ ಕೆಮ್ಮಿ, ನಡುವೆ ಹಾರ್ನ್ ಬಂತು.
ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.
ಆ ನೋಟ ಫ್ರೇಮಿನ ಹೊರಗಿತ್ತು,
ಈಗಲೂ ಅಲ್ಲೇ ಇದೆ.

ಮೂರನೇ ಸಲ ಹೋದಾಗ ಹೇಗೋ ಗೊತ್ತಾಗಿತ್ತು.
"ಆ ಎಂಟೂವರೆಯದ್ದು ನಿಮ್ಮದಾ?
ಬ್ರಾಂಚಿಗೆ ಕೊಡುವ ಬೀಡಿ ಅದರ ಎದುರು ಕೂತೇ ಕಟ್ಟುತ್ತಿದ್ದದ್ದು.
ನಗ್ಲಿಕ್ಕೆ ಹೋದರೆ ಕೆಮ್ಮು. ಆದ್ರೂ ನಗ್ತಿದ್ದೆ.
ಅದಿರಲಿ, ಆ ಹುಡುಗಿ ಬಸ್ಸು ಹತ್ತಿದಳಲ್ಲ,
ಮತ್ತೆ ಎಂತಾಯ್ತು?"

ನನಗೆ ಗೊತ್ತಿರಲಿಲ್ಲ. ಯಾರೂ ಬರೆದಿರಲಿಲ್ಲ.

ಗೋಡೆಯ ಮೊಳೆಯಲ್ಲಿ ಅವರ ಮಾತ್ರೆಯ ಕಾರ್ಡು,
ನಾಲ್ಕು ಚೌಕ ಖಾಲಿ.
ವಾಂತಿ ಬರುತ್ತದೆ ಅಂತ ಬಿಟ್ಟದ್ದು.
ಆಶಾ ಕಾರ್ಯಕರ್ತೆ ಸಫಿಯಾ ಬೈದು ಬೈದು ಸುಸ್ತಾಗಿ
ಮೆಟ್ಟಿಲ ಮೇಲೆ ಕೂತಿದ್ದಳು.

ಪಡುಬಿದ್ರಿಯಲ್ಲಿ ಇಳಿದಳು ಅಕ್ಕ, ಅಂದೆ.
"ಇಳಿದು?"
ನುಂಗಿ. ಹೇಳ್ತೇನೆ.

ಅಂದಿನಿಂದ ಮಂಗಳವಾರ ಕ್ಯಾಮೆರಾ ಇಲ್ಲದೆ ಹೋಗುತ್ತೇನೆ.
ಸೊಸೆ ಟೈಲರ್ ಅಂಗಡಿ ಸೇರಿದ್ದಾಳೆ,
ಯಜಮಾನನ ಹತ್ತಿರ ಕೂಲಿಗೆ ಜಗಳ ಮಾಡಿದ್ದಾಳೆ,
ಸ್ಕೂಟರ್ ಕಲಿಯಲು ಹೋಗಿ ಮೊಣಕಾಲು ಕೆತ್ತಿಕೊಂಡಿದ್ದಾಳೆ.
"ಹೋದ ವಾರ ಹಸಿರು ಸೀರೆ ಅಂದಿದ್ರಿ," ವಾರಿಜಕ್ಕ ತಡೆಯುತ್ತಾರೆ,
"ಆಸ್ಪತ್ರೆಗೆ ಹೋಗುವಾಗ ನೀಲಿ ಹೇಗಾಯ್ತು?"

ಚಿತ್ರ ಮುಗಿದಿದೆ.
ಆರೋಗ್ಯ ಕೇಂದ್ರದ ಟಿವಿಯಲ್ಲಿ ಸದ್ದಿಲ್ಲದೆ ಓಡುತ್ತದೆ,
ರಿಮೋಟು ಕಳೆದುಹೋಗಿದೆಯಂತೆ.
ಹಳೆಯ ನೋಟ್‌ಬುಕ್ ಮತ್ತೆ ಕಂಕುಳಿಗೆ ಬಂದಿದೆ:
ಎಡಪುಟದಲ್ಲಿ ಸೀರೆ, ಬಲಪುಟದಲ್ಲಿ ಮಾತ್ರೆ.
ಅವಳನ್ನು ಇನ್ನೂ ಮನೆಗೆ ತಲುಪಿಸಿಲ್ಲ.
ಎರಡು ತಿಂಗಳ ಚೌಕ ಬಾಕಿ ಇದೆ.