ಒಂದು ಹೆಚ್ಚಾಯಿತು

ಗುನ್ಸಾನಿನ ಮದುವೆ ಹಾಲಿನಲ್ಲಿ ಹದಿನಾಲ್ಕು ವರ್ಷ
ಜನರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದವಳು ನಾನು.
ಕುಳ್ಳರು ಮುಂದೆ, ಸೋದರಮಾವಂದಿರು ಎಡಕ್ಕೆ,
ಎಲ್ಲರೂ ಒಮ್ಮೆ ಕಿಮ್ಚಿ ಅನ್ನಿ ಎಂದರೆ ಸಾಕು,
ಹಲ್ಲು ತಾವಾಗಿ ಹೊರಗೆ ಬರುತ್ತಿದ್ದವು.

ಇಲ್ಲಿ ಯಾರಿಗೆ ಹೇಳಲಿ?
ಕೆಸರು ಮುಗಿದು ನೀರು ಶುರುವಾಗುವಲ್ಲಿ
ಕಂದುಬಣ್ಣದ ಒಂದು ಗೆರೆ.
ಗೆರೆಯಲ್ಲ ಅದು, ಅನ್ನುತ್ತಾನೆ ಗಿಸೊಪ್,
ದುರ್ಬೀನಿನಿಂದ ಕಣ್ಣು ತೆಗೆಯದೆ,
ಕಾಲುಗಳು.

ಹುಣ್ಣಿಮೆ ಕಳೆದು ಮೂರನೇ ದಿನ.
ಉಬ್ಬರ ಬರುವುದು ಕಾಣಿಸುವುದಿಲ್ಲ,
ಮುಕ್ಕಾಲಿಯ ಒಂದು ಕಾಲು ಒದ್ದೆಯಾದಾಗ ತಿಳಿಯುತ್ತದೆ.
ಗೆರೆ ದಪ್ಪವಾಗುತ್ತದೆ. ಗೆರೆಗೆ ಕೊಕ್ಕು ಮೂಡುತ್ತವೆ.
ಮುಂದೆ ಉಲ್ಲಂಕಿಗಳು, ಹೊಲಿಗೆ ಯಂತ್ರದ ಸೂಜಿಯಂತೆ
ಕೆಸರನ್ನು ಕುತ್ತುತ್ತ, ಕುತ್ತುತ್ತ.
ಹಿಂದೆ ಬಾಗುಕೊಕ್ಕಿನ ದೊಡ್ಡ ಗೊರವಗಳು,
ಸಾಲ ಕೇಳಲು ಬಂದ ನೆಂಟರ ಹಾಗೆ
ಎಲ್ಲರಿಂದ ಸ್ವಲ್ಪ ದೂರ.
ನೀರು ತಳ್ಳಿದಷ್ಟೂ ನಮ್ಮ ಹತ್ತಿರ.
ಗಿಸೊಪ್ ಉಸಿರು ಹಿಡಿದಿದ್ದಾನೆ. ನನಗೆ ಸೀನು ಬರುತ್ತಿದೆ.

ಎಲ್ಲಿತ್ತೋ ಆ ಡೇಗೆ.

ಎದ್ದವು.
ಅಷ್ಟೂ.
ಒದ್ದೆ ಕಂಬಳಿಯನ್ನು ಯಾರೋ ಕೊಡವಿದಂತೆ ಸದ್ದು,
ಆಮೇಲೆ ಆಕಾಶವೆಲ್ಲ ಒಂದೇ ಮೊರ:
ಆ ಕಡೆ ವಾಲಿದರೆ ಕಾಳು, ಕಂದು,
ಈ ಕಡೆ ವಾಲಿದರೆ ಹೊಟ್ಟು, ಬಿಳಿ,
ನಡುವೆ ಒಂದು ಗಳಿಗೆ
ಏನೂ ಇಲ್ಲ.
ನಾನು ಶಟರ್ ಒತ್ತಿದ್ದು ಹೆಚ್ಚಾಗಿ ಆ ಏನೂ ಇಲ್ಲಕ್ಕೆ.
ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು, ಮೂವತ್ತೊಂಬತ್ತು ಸಲ.
ಲೆನ್ಸಿನ ಮೇಲೆ ಒಂದು ಬಿಳಿ ಹಿಕ್ಕೆ.

ರಾತ್ರಿ ಬಿಸಿ ನೆಲದ ಮೇಲೆ ಚಿತ್ರಗಳನ್ನು ಹಾಸಿ
ಹಕ್ಕಿಗೊಂದರಂತೆ ಕೆಂಪು ಚುಕ್ಕೆ ಇಟ್ಟೆವು,
ನೂರು ಚುಕ್ಕೆಗೆ ಬಟ್ಟಲಿಗೊಂದು ಸೋಯಾ ಕಾಳು.
ಎರಡು ಗಂಟೆಗೆ ನನ್ನ ಬೆರಳು ಕೆಂಪಾಗಿತ್ತು,
ಬಟ್ಟಲಲ್ಲಿ ನೂರಾ ಹದಿನಾಲ್ಕು ಕಾಳು,
ಮೇಲೆ ಏಳು.
ಗಿಸೊಪ್ ವಹಿಯಲ್ಲಿ ಬರೆದು ಗೀಟು ಎಳೆದ.

ಬೆಳಿಗ್ಗೆ ಮನೆಯೊಡತಿ ಓಕ್‌ಬುನ್ ಅಜ್ಜಿ
ಚಿಪ್ಪಿನ ಸಾರು ತಂದಿಟ್ಟು,
ಚಿತ್ರವನ್ನು ತಲೆಕೆಳಗಾಗಿಯೇ ನೋಡಿ
ಮೂಲೆಯ ಒಂದು ಚುಕ್ಕೆಯ ಮೇಲೆ ಉಗುರಿಟ್ಟಳು.
ಇದು ನಾನು.

ಹೌದು. ಕಂದು ಕೋಟು, ಬಗ್ಗಿದ ಬೆನ್ನು,
ಸೊಂಟಕ್ಕೆ ಕಟ್ಟಿದ ಕುಂಟೆಯ ಹಗ್ಗ.
ಗಿಸೊಪ್ ರಬ್ಬರು ಹುಡುಕಿದ.
ಇರಲಿ ಬಿಡು, ಅಂದಳು ಅಜ್ಜಿ,
ನಾನೂ ಅದೇ ಕೆಸರನ್ನೇ ಕೆದಕುವವಳು.
ಆದರೂ ಅವನು ಏಳನ್ನು ಆರು ಮಾಡಿದ.
ಸರ್ಕಾರಕ್ಕೆ ಕಳಿಸುವ ಲೆಕ್ಕ.

ಗೋಡೆ ಕಟ್ಟುವ ಮುಂಚೆ ಎಷ್ಟಿದ್ದವಜ್ಜಿ, ಕೇಳಿದೆ.
ಕಡಲನ್ನು ಆಚೆಗೆ ನಿಲ್ಲಿಸಿದ ಆ ಉದ್ದ ಗೋಡೆ
ಅವಳ ಅಡುಗೆಮನೆ ಕಿಟಕಿಯಿಂದಲೂ ಕಾಣುತ್ತದೆ.
ಸಾರಿನ ನೊರೆ ತೆಗೆಯುತ್ತ ಅಂದಳು:
ಯಾರು ಎಣಿಸಿದ್ದರು?
ಎಣಿಸುವಷ್ಟು ಕಡಿಮೆ ಇರಲಿಲ್ಲ.

ಮಧ್ಯಾಹ್ನ ಇಳಿತಕ್ಕೆ ಅವಳ ಹಿಂದೆ ಹೋದೆ.
ಒಂದು ಚಿತ್ರ, ಅಜ್ಜಿ, ನಿಮ್ಮದೇ.
ಕಿಮ್ಚಿ ಅನ್ನು ಅಂತೀಯ, ಅಂದಳು, ಅನ್ನಲಿಲ್ಲ.
ಕುಂಟೆ ಎಳೆಯುವವರು ಹಿಂದು ಹಿಂದಕ್ಕೆ ನಡೆಯುತ್ತಾರೆ,
ಚಿಪ್ಪಿಗೆ ಹಲ್ಲು ತಾಗಿ ಟಕ್ ಅನ್ನುವುದಕ್ಕೆ ಕಿವಿಗೊಟ್ಟು.
ಮುಖ ಕಡಲಿನ ಕಡೆ, ಬೆನ್ನು ನನ್ನ ಕಡೆ,
ಆ ಬೆನ್ನು ಹೆಜ್ಜೆ ಹೆಜ್ಜೆಗೂ ದೊಡ್ಡದಾಗುತ್ತ
ಚೌಕಟ್ಟು ತುಂಬಿತು.
ಅವಳ ಹೆಗಲಾಚೆ, ಮಸುಕಾಗಿ,
ಕಂದುಬಣ್ಣದ ಒಂದು ಗೆರೆ.

ಟಕ್.
ನಾನೂ ಒತ್ತಿದೆ.
ಕೆಳಗೆ ನೋಡಿದರೆ ಮುಕ್ಕಾಲಿಯ ಕಾಲು ಒದ್ದೆ.